ಎಸೆಯಲಾರದ ಕೈ

ಐವತ್ತರ ದಶಕದ ಅಮೆರಿಕನ್ ನಾಟಕವೊಂದರ ಕನ್ನಡ ರೂಪದ ತಾಲೀಮು ನಡೆದಿತ್ತು. ಗಂಡನ ಪಾತ್ರಧಾರಿ ಹೆಂಡತಿಯ ಕಾಲ ಬುಡಕ್ಕೆ ಕಾಫಿ ಕಪ್ಪನ್ನು ಎಸೆಯಬೇಕು. ಅವನ ಕೈ ಏಳಲೇ ಇಲ್ಲ.

"ಗಂಡಸಿನ ದರ್ಪ ಬರ್ಬೇಕು ಕಣಯ್ಯಾ!" ನಿರ್ದೇಶಕರು ರೇಗಿದರು.

"ಎಲ್ಲಿಂದ ತರ್ಲಿ ಸಾರ್? ಅದೆಲ್ಲ ಆ ಕಾಲದ ಅಮೆರಿಕದ ಗಂಡಸ್ರಿಗೆ. ನಂಗೆ ಹೆಂಗಸ್ರ ಮುಂದೆ ದನಿ ಎತ್ತಿಯೇ ಗೊತ್ತಿಲ್ಲ."

"ಇವನ ಹೆಂಡ್ತಿ ಪುಣ್ಯವಂತೆ ಬಿಡ್ರೋ!" ಯಾರೋ ಅಂದರು. ಎಲ್ಲರೂ ನಕ್ಕರು.

ನಟರು ಮರೆತ ಮಾತನ್ನು ಪರದೆಯ ಮರೆಯಿಂದ ಪಿಸುಗುಟ್ಟುವುದು ಅವನ ಹೆಂಡತಿ ವಸುಮತಿಯ ಕೆಲಸ. ಈಗಲೂ ಸುಮ್ಮನಿದ್ದರೆ ಮುಂದೆ ತನ್ನ ಮಾತನ್ನು ಯಾರೂ ನಂಬಲಾರರು ಎನ್ನಿಸಿತು ಅವಳಿಗೆ. ರಂಗದ ನಡುವೆ ಬಂದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ರೀ, ಬೆಳಿಗ್ಗೆ ಕಾಫಿ ಆರಿದೆ ಅಂತ ನನ್ಮೇಲೆ ಲೋಟ ಎಸೆದ್ರಲ್ಲ, ಹಾಗೇ ಎಸೀರಿ."