ದಣಿಯದ ತವರ

ಅಂಗಿಯ ಗುಂಡಿಯಷ್ಟಿದ್ದ ಬ್ಯಾಟರಿ ಸೆಲ್ಲಿನ ಮುಚ್ಚಳ ಕಿತ್ತು ಬಂದಾಗ ಒಳಗಿನ ತವರದ ಹಾಳೆ ಫಳಫಳ ಹೊಳೆಯುತ್ತಿತ್ತು. ಗಾಜಿನ ಪೆಟ್ಟಿಗೆಯ ರಬ್ಬರ್ ಕೈಗವಸಿನೊಳಗೆ ಎರಡೂ ಕೈ ತೂರಿಸಿ ನಿಂತಿದ್ದ ಸಂಶೋಧಕನಿಗೆ, ಲ್ಯಾಬಿನವರೆಲ್ಲ ತವರಪ್ಪ ಎಂದೇ ಕರೆಯುವ ಆ ಪುಣ್ಯಾತ್ಮನಿಗೆ, ಆನಂದಕ್ಕೆ ಮೂಗು ತುರಿಸತೊಡಗಿತು. ಭುಜಕ್ಕೆ ಉಜ್ಜಿಕೊಂಡ.

ತವರದ ಹಣೆಬರಹ ಎಲ್ಲರಿಗೂ ಗೊತ್ತಿದ್ದದ್ದೇ. ಚಾರ್ಜ್ ಆಗುವಾಗ ಲಿಥಿಯಂ ನುಂಗಿ ಎರಡು ಮೂರು ಪಟ್ಟು ಉಬ್ಬುತ್ತದೆ, ಖಾಲಿಯಾಗುವಾಗ ಕುಗ್ಗುತ್ತದೆ, ಉಬ್ಬಿ ಕುಗ್ಗಿ ಕೊನೆಗೆ ಬಿರುಕುಬಿಟ್ಟು ಪುಡಿಯಾಗುತ್ತದೆ. ತಾಮ್ರ ಬೆರೆಸಿದರೆ ತಾಳಿಕೊಳ್ಳುತ್ತದೆ ಎಂದು ತವರಪ್ಪ ವರ್ಷಗಳಿಂದ ಕಂಡಕಂಡವರ ಕಿವಿ ಕೊರೆಯುತ್ತಿದ್ದ. ಈ ಸಲವೂ ಆಗದಿದ್ದರೆ ಯೋಜನೆ ಮುಚ್ಚುವುದು, ಅವನು ಮನೆಗೆ ಹೋಗುವುದು ಎಂದಾಗಿತ್ತು. ಆದರೆ ತಾಮ್ರ ಬೆರೆಸಿದ ಈ ಸೆಲ್ ತಿಂಗಳುಗಟ್ಟಲೆ ಓಡಿಯೂ, ಅದು ಎಷ್ಟು ಚಾರ್ಜು ಹಿಡಿಯುತ್ತದೆಂದು ತೋರಿಸುವ ಗ್ರಾಫಿನ ಗೆರೆ ನೂರರಿಂದ ಕೆಳಗಿಳಿದಿರಲಿಲ್ಲ. ಹಿಂದೆ ನಿಂತಿದ್ದ ವಿಭಾಗದ ಮುಖ್ಯಸ್ಥೆ ಮೇಡಂ, ಯೋಜನೆ ಇರಬೇಕೋ ಬೇಡವೋ ಎಂದು ತೀರ್ಮಾನಿಸುವ ಮಧ್ಯಾಹ್ನದ ಸಭೆಗೆ ಇದನ್ನೇ ಒಯ್ಯೋಣ ಎಂದರು. ಅಷ್ಟರಲ್ಲಿ ಅವನು ಮನಸ್ಸಿನಲ್ಲೇ ಬಹುಮಾನ ಸ್ವೀಕರಿಸಿ, ಹೆಂಡತಿಯ ತಾಳ್ಮೆಗೆ ವಂದನೆ ಹೇಳುವ ಘಟ್ಟಕ್ಕೆ ಬಂದಿದ್ದ.

ಆಗ ಕಣ್ಣಿಗೆ ಬಿತ್ತು ತವರದ ಹಾಳೆಯ ಮೇಲೊಂದು ಗೀರು. ಸೆಲ್ ಕಟ್ಟುವಾಗ ಚಿಮಟ ಜಾರಿ ಅವನೇ ಎಳೆದದ್ದು. ತವರ ನಿಜಕ್ಕೂ ಅಷ್ಟು ಉಬ್ಬಿ ಕುಗ್ಗಿದ್ದರೆ ಅದು ಉಳಿಯುವ ಮಾತೇ ಇಲ್ಲ. ಕೈ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತು ಚಾರ್ಜಿನ ಸೆಟ್ಟಿಂಗು ನೋಡಿದ. ಮೊದಲು ಸ್ವಲ್ಪ ದಿನ ಮೆಲ್ಲಗೆ ಹೋಗಲಿ ಪಾಪ ಎಂದು, ಚಾರ್ಜು ಹತ್ತರಲ್ಲೊಂದು ಪಾಲಿಗೇ ನಿಲ್ಲುವಂತೆ ಇಟ್ಟಿದ್ದ. ಆಮೇಲೆ ಏರಿಸಲು ಮರೆತಿದ್ದ. ಗ್ರಾಫೋ ಶೇಕಡಾ ಲೆಕ್ಕದ್ದು. ಮೊದಲ ದಿನದ ಚಿಟಿಕೆ ಚಾರ್ಜನ್ನೇ ನೂರು ಅನ್ನಿಸಿಕೊಂಡು, ದಿನವೂ ಅದೇ ಚಿಟಿಕೆ ಕೊಟ್ಟು ತವರ ಭೇಷ್ ಅನ್ನಿಸಿಕೊಂಡಿತ್ತು. ಸಾಕಿದವನ ಬುದ್ಧಿಯೇ ಬಂದಿತ್ತು ಅದಕ್ಕೂ.

ಬಾಯಿ ಮುಚ್ಚಿಕೊಂಡಿದ್ದರೆ ಸಭೆ ದಾಟುತ್ತಿತ್ತು. ಗೀರಿನ ಗುಟ್ಟು ಅವನೊಬ್ಬನಿಗೇ ಗೊತ್ತು. ಮುಚ್ಚಿಡುವ ಆಸೆಯೂ ಆಯಿತು, ನಾಚಿಕೆಯೂ ಆಯಿತು. ನಾಚಿಕೆ ಕೂದಲೆಳೆಯ ಅಂತರದಲ್ಲಿ ಗೆದ್ದಿತು.

"ಮೇಡಂ, ಇದು ಗಟ್ಟಿ ಅಂತ ಉಳಿದಿದ್ದಲ್ಲ. ಇದಕ್ಕೆ ನಾನು ಕೆಲಸಾನೇ ಕೊಟ್ಟಿಲ್ಲ" ಎಂದು ಎಲ್ಲವನ್ನೂ ಹೇಳಿದ.

ಮೇಡಂ ಕನ್ನಡಕ ತೆಗೆದು ಒರೆಸಿದರು. "ಯಾಕ್ರೀ ಹಾಗೆ ಇಟ್ರಿ?"

"ಒಡೆದುಹೋಗುತ್ತೇನೋ ಅಂತ ಭಯ ಆಯ್ತು."

"ಒಡೆಯುತ್ತಾ ಅಂತ ನೋಡೋದಕ್ಕೇ ಅಲ್ವೇನ್ರೀ ನಿಮ್ಮನ್ನ ಇಟ್ಕೊಂಡಿರೋದು?"

ಪೂರ್ತಿ ಚಾರ್ಜಿಗೆ ಓಡಿಸಿದ ಸೆಲ್ಲುಗಳು ಯಾವುವಾದರೂ ಇವೆಯೇ ಎಂದು ಅವರು ಕೇಳಿದರು. ಇದ್ದವು. ಹಾಳಾದವನ್ನೆಲ್ಲ ಯಾರ ಕಣ್ಣಿಗೂ ಬೀಳದಂತೆ ಡ್ರಾಯರಿನ ಮೂಲೆಗೆ ತಳ್ಳಿದ್ದ. ತಂದಿಟ್ಟ. ಒಂದೊಂದು ಸೆಲ್ಲಿಗೆ ಒಂದೊಂದು ಪುಟ್ಟ ಸೀಸೆ, ತಳದಲ್ಲಿ ಒಲೆಯ ಬೂದಿಯಂಥ ತವರದ ಪುಡಿ. ಮೇಡಂ ಒಂದೊಂದನ್ನೂ ಬೆಳಕಿಗೆ ಹಿಡಿದು, ಯಾವುದು ಎಷ್ಟು ದಿನ ಬಾಳಿತು ಎಂದು ವಿಚಾರಿಸಿದರು. ಪ್ರತಿಯೊಂದೂ ಹಿಂದಿನದಕ್ಕಿಂತ ತುಸು ಹೆಚ್ಚೇ ಬಾಳಿತ್ತು. ಪುಡಿ ನೋಡಿ ಮುಖ ಮರೆಸಿಕೊಳ್ಳುವ ಗಡಿಬಿಡಿಯಲ್ಲಿ ಅವನು ಅದನ್ನು ಗಮನಿಸಿಯೇ ಇರಲಿಲ್ಲ.

ಮೇಡಂ ಸೀಸೆಗಳನ್ನು ಟ್ರೇಯಲ್ಲಿ ಸಾಲಾಗಿ ಜೋಡಿಸಿ ಅವನ ಕೈಗಿತ್ತರು.

"ನಡೀರಿ, ಸಭೆಗೆ ಇವನ್ನ ತಗೊಂಡು ಹೋಗೋಣ. ಇವಾದ್ರೂ ದುಡಿದು ಸತ್ತಿವೆ."