ಉಡಿಯ ಕೊಬ್ಬರಿ

ಈಗಲೂ ಒಣಕೊಬ್ಬರಿ ಒಡೆದಾಗ ಬರುವ ಸಿಹಿ ವಾಸನೆಗೆ ಸಾಂಬ್ರಾ ವಿಮಾನ ನಿಲ್ದಾಣದ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವನ ತಂಗಿ ಚಿಗವ್ವ ಗಂಡನಿದ್ದ ಹೈದರಾಬಾದಿಗೆ ಹೊರಟಿದ್ದಳು. ರಜೆ ಕಳೆಯಲು ನಾನೂ ಜೊತೆಗಿದ್ದೆ. ಇಬ್ಬರಿಗೂ ಅದೇ ಮೊದಲ ವಿಮಾನ. ರಾಮದುರ್ಗದಿಂದ ದಾರಿಯುದ್ದಕ್ಕೂ ನಾನು ಸೀಟಿನ ತುದಿಯಲ್ಲೇ ಕುಳಿತಿದ್ದೆ. ಕಳಿಸಲು ಬಂದಿದ್ದ ಅಜ್ಜಿ ನಿಲ್ದಾಣದ ಬಾಗಿಲಲ್ಲಿ ಚಿಗವ್ವನ ಸೆರಗಿಗೆ ಅಕ್ಕಿ, ಎಲೆ-ಅಡಿಕೆ, ಎರಡು ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಿ ಕಳಿಸಿದಳು.

ಒಳಗೆ ತಪಾಸಣೆಯ ಮಹಿಳಾ ಪೊಲೀಸ್ ಸೆರಗಿನ ಗಂಟು ಬಿಚ್ಚಿಸಿ, ಕೊಬ್ಬರಿಯನ್ನು ಎತ್ತಿಟ್ಟಳು. "ಇದರಾಗ ಎಣ್ಣಿ ಇರತೈತ್ರಿ, ವಿಮಾನದಾಗ ನಡಿಯಂಗಿಲ್ಲ. ಕಳಸಾಕ ಬಂದವರಿಗೆ ಕೊಟ್ಟ ಬರ್ರಿ."

"ಉಡ್ಯಾಗ ಹಾಕಿದ್ದು ತಿರುಗಿ ಕೊಡಬಾರದ ತಂಗಿ," ಎಂದಳು ಚಿಗವ್ವ. ಹೊರಗೆ ವಿಮಾನ ಗುಡುಗುತ್ತಿತ್ತು. ನಮ್ಮನ್ನು ಬಿಟ್ಟೇ ಹೋಗುತ್ತದೆಂದು ನಾನು ಅವಳ ಕೈ ಜಗ್ಗಿದೆ. ಚಿಗವ್ವ ಕೇಳಿದಳು: "ಹೊಟ್ಟ್ಯಾಗ ಒಯ್ದರ ನಡೀತೈತಿಲ್ಲ?"

ಪೊಲೀಸಾಕೆಗೆ ನಗು ತಡೆಯಲಾಗಲಿಲ್ಲ. "ಅದಕ್ಕೇನ ಅಡ್ಡಿಲ್ರಿ."

ಚಿಗವ್ವ ಬಟ್ಟಲುಗಳನ್ನು ಕಬ್ಬಿಣದ ಕಂಬಿಗೆ ಬಡಿದು ಒಡೆದು, ಸಾಲಿನಲ್ಲಿದ್ದವರಿಗೆಲ್ಲ ಹಂಚಿದಳು. ಕೋಟು ತೊಟ್ಟವರೂ ಕಟಕಟ ಅಗಿದರು. ಕೊನೆಯ ಚೂರನ್ನು ಪೊಲೀಸಾಕೆಗೆ ಚಾಚಿ, "ನಿನ್ನ ತವರಮನಿ ಎಲ್ಲೈತಿ?" ಎಂದಳು.

"ಸಾಲಹಳ್ಳಿರಿ. ಹೋಗಿ ಎರಡ ವರ್ಷ ಆತು. ಡ್ಯೂಟಿ ಮ್ಯಾಲ ತಿನ್ನಂಗಿಲ್ರಿ."

ಚಿಗವ್ವ ಚೂರನ್ನು ಅವಳ ಅಂಗೈಯಲ್ಲಿಟ್ಟು, ಬೆರಳು ಮಡಚಿದಳು.

ವಿಮಾನದ ಕಡೆ ಓಡುತ್ತಾ ನಾನು ಹಿಂತಿರುಗಿ ನೋಡಿದೆ. ಗಾಜಿನ ಆಚೆ ಆಕೆ ಇನ್ನೊಬ್ಬರ ತಪಾಸಣೆ ಮಾಡುತ್ತಿದ್ದಳು. ಒಂದು ಕೆನ್ನೆ ಉಬ್ಬಿತ್ತು.