ಸೇತುವೆ ಬಿದ್ದ ಭಾನುವಾರ

"ಬ್ರಿಜ್ ಪೂರ್ತಿ ಬಿದ್ದೈತಂತ ನೋಡ್ರಿ," ಎಂದು ಪ್ರಭುರಾಜ ಫೋನನ್ನು ಎಲ್ಲರತ್ತ ಹಿಡಿದ.

ಶಾಂಭವಿಯನ್ನು ನೋಡಲು ಕುಕನೂರಿನಿಂದ ಬಂದ ವರ ಅವನೇ. ಹನ್ನೊಂದಕ್ಕೆ ಬರುತ್ತೇವೆ ಎಂದಿದ್ದವರು ಬಿಸಿಲಿಗೆ ಹೆದರಿ ಎಂಟಕ್ಕೇ ತಾವರಗೇರಾ ಮುಟ್ಟಿದ್ದರು. ಉಪ್ಪಿಟ್ಟು, ಚಹಾ ಮುಗಿಸಿ ಏಳಬೇಕು ಎನ್ನುವಷ್ಟರಲ್ಲಿ ಅವನ ಇನ್‌ಸ್ಟಾದಲ್ಲಿ ಸುದ್ದಿ ಬಂತು: ಕುಕನೂರಿಗೂ ಕೊಪ್ಪಳಕ್ಕೂ ಹೋಗುವ ಕುಷ್ಟಗಿ ರಸ್ತೆಯ ಹಳ್ಳದ ಸೇತುವೆ ಬಿರುಕು ಬಿಟ್ಟಿದೆ, ಸಂಚಾರ ಬಂದ್. ಹತ್ತಕ್ಕೆ ಸುದ್ದಿಯಲ್ಲಿ ಬಿರುಕು ಹೋಗಿ ಕುಸಿತವಾಯಿತು. ಮಧ್ಯಾಹ್ನಕ್ಕೆ ಅದರೊಳಗೆ ಒಂದು ಲಾರಿಯೂ ಬಿತ್ತು.

ಶಾಂಭವಿ ಮುಂಜಾನೆಯಿಂದ ಅದೇ ರೇಷ್ಮೆ ಸೀರೆಯಲ್ಲಿ ಬೆವರುತ್ತಿದ್ದಳು. ನಾಳೆ ಹತ್ತಕ್ಕೆ ಕೊಪ್ಪಳದಲ್ಲಿ ನೌಕರಿಯ ಪರೀಕ್ಷೆ. ಎರಡು ವರ್ಷ ಅದಕ್ಕೇ ಓದಿದ್ದಳು. ಇವರು ಜಾಗ ಬಿಡುವಂತೆ ಕಾಣಲಿಲ್ಲ. ಹೊಸ ಸುದ್ದಿ ಪ್ರತಿ ಸಲ ಮೊದಲು ಬರುವುದು ವರನ ಫೋನಿಗೇ, ಓದುವಾಗ ಅವನ ತುಟಿಯಂಚಿನಲ್ಲಿ ನಗೆ ಬೇರೆ. ಅವಳಿಗೆ ಮೈ ಉರಿಯಿತು.

"ಟಿವ್ಯಾಗ ಏನೂ ಬಂದಿಲ್ಲ. ಸುಳ್ಳ ಇರಬೇಕು," ಎಂದಳು.

"ಟಿವಿ ಯಾರು ನೋಡ್ತಾರ್ರಿ? ಮೂರು ಸಾವಿರ ಮಂದಿ ಹಂಚ್ಯಾರ. ಎಲ್ಲಾರೂ ಹುಚ್ಚರೇನು?" ಎಂದ ಪ್ರಭುರಾಜ.

ಅವಳ ಅಪ್ಪ ವಿರೂಪಾಕ್ಷಪ್ಪ ಕುಷ್ಟಗಿಯಲ್ಲಿದ್ದ ಅಣ್ಣನ ಮಗ ಕೊಟ್ರೇಶನಿಗೆ ಫೋನು ಹಚ್ಚಿದ.

"ಖರೇ ಐತಿ ಕಾಕಾ. ನನ್ನ ಫೋನಿಗೂ ಬಂದೈತಿ," ಎಂದ ಕೊಟ್ರೇಶ. ಸೇತುವೆ ಅವನ ಅಂಗಡಿಯಿಂದ ಎರಡು ಮೈಲಿ. ಎದ್ದು ಹೋಗಿ ನೋಡುವ ಯೋಚನೆ ಆ ಮಹಾರಾಯನಿಗೆ ಬರಲಿಲ್ಲ.

"ಮೂರು ದಿನ ಬಂದ್ ಅಂತ," ಪ್ರಭುರಾಜ ಮುಂದೆ ಓದಿದ.

"ಮೂರು ದಿನ ಅಲ್ಲ, ಇವತ್ತೊಂದ ದಿನ," ಎಂದುಬಿಟ್ಟಳು ಶಾಂಭವಿ.

ಅಪ್ಪ ತಿರುಗಿದ. "ನಿನಗ್ಯಾರು ಹೇಳಿದ್ರು?"

"ಮುಂಜಾನಿ ಹಂಗ ಇತ್ತು."

"ಮುಂಜಾನಿದು ಹಳೇದಾತು. ನಾಳೆ ಕೊಪ್ಪಳ ಗಿಪ್ಪಳ ಏನೂ ಬ್ಯಾಡ. ಮನ್ಯಾಗ ಇರು."

ಶಾಂಭವಿಗೆ ಅಳು ಬಂತು. ಏನೋ ಹೇಳಲು ಬಾಯಿ ತೆರೆದಳು, ಅಪ್ಪನ ಮುಖ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಲ್ಲಿಯವರೆಗೆ ಗೋಡೆಗೆ ಒರಗಿ ಕೂತಿದ್ದ ವರನ ತಾಯಿ ಶಿವಬಸಮ್ಮ ನೆಟ್ಟಗೆ ಕೂತರು.

"ನಾವು ಈ ಕಡೆ ದಾಟಿದ ಮ್ಯಾಲೆ ಆ ಬ್ರಿಜ್ ಬಿದ್ದೈತಿ. ಗಾಡ್ಯಾಗ ಐದು ಜೀವ ಇದ್ವು. ಈ ಹುಡುಗಿ ಕಾಲ್ಗುಣಾರಿ ಇದು. ಇನ್ನ ವಿಚಾರ ಮಾಡೂದು ಏನೈತಿ? ಎಲಿ ಅಡಿಕಿ ತರಸ್ರಿ."

ವಿರೂಪಾಕ್ಷಪ್ಪನ ಕಣ್ಣು ತುಂಬಿದವು. ಒಳಗಿನ ಟ್ರಂಕಿನ ಮೇಲೆ ಪರೀಕ್ಷೆಯ ಪ್ರವೇಶಪತ್ರವಿತ್ತು. ಅದರ ಮೇಲೇ ಎಲೆ ಅಡಿಕೆಯ ತಟ್ಟೆ ಇಟ್ಟರು. ಶಿವಬಸಮ್ಮ ಶಾಂಭವಿಯ ಹಣೆಗೆ ಕುಂಕುಮ ಹಚ್ಚಿ ಉಡಿ ತುಂಬಿದರು. ಪ್ರಭುರಾಜ ಫೋಟೊ ತೆಗೆದು ಅಲ್ಲೇ ಊರಿಗೆಲ್ಲ ಕಳಿಸಿದ.

ವರನ ಕಡೆಯವರು ಬರದಿರಲೆಂದು ಮುಂಜಾನೆ ಏಳಕ್ಕೆ ಹೆಸರಿಲ್ಲದ ಖಾತೆಯಿಂದ ತಾನೇ ಆ ಬಿರುಕಿನ ಸುದ್ದಿ ಹಾಕುವಾಗ, ಅವರು ಆರಕ್ಕೇ ಕುಕನೂರು ಬಿಟ್ಟಿದ್ದಾರೆಂಬುದು ಶಾಂಭವಿಗೆ ಗೊತ್ತಿರಲಿಲ್ಲ.